ತೋರಿಸುವುದು ಬೇರೆ, ‘ಹೇಗಿದೆ?’ ಅಂತ ಕಾಯುವುದು ಬೇರೆ

‘ನೀನು ಸುಮ್ನಿರು, ನಿನ್ನ ಕೆಲಸ ಮಾತಾಡಲಿ.’ ಈ ಬುದ್ಧಿಮಾತನ್ನು ಒಂದಲ್ಲ ಒಂದು ಸಲ ಎಲ್ಲರೂ ಕೇಳಿರುತ್ತೇವೆ. ಕೇಳೋಕೆ ಚೆಂದ. ಆದರೆ ಇದನ್ನು ಅಕ್ಷರಶಃ ನಂಬಿ ತಲೆ ತಗ್ಗಿಸಿ ದುಡಿದ ಎಷ್ಟೋ ಜನ ಎಲೆಮರೆಯ ಕಾಯಿಯಾಗಿಯೇ ಉಳಿದುಬಿಡುತ್ತಾರೆ. ಇನ್ನೊಂದು ಕಡೆ, ಪ್ರತಿ ಹೆಜ್ಜೆಗೂ ಯಾರಾದರೂ ಭೇಷ್ ಅನ್ನಲಿ ಅಂತ ಕಾಯುವವರಿದ್ದಾರೆ. ಅವರ ಕೆಲಸ ನಿಧಾನವಾಗಿ ಬೇರೆಯವರ ಮುಖ ನೋಡಿಕೊಂಡು ಮಾಡಿದ ಕೆಲಸ ಆಗುತ್ತದೆ. ಹಾಗಾದರೆ ಬಾಯಿ ಬಿಡಬೇಕಾ, ಬೇಡವಾ?

ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು. ಮಾತಾಡೋದು, ಸುಮ್ನಿರೋದು ಇಲ್ಲಿ ವಿಷಯವೇ ಅಲ್ಲ. ಕೆಲಸವನ್ನು ಮುಂದಿಟ್ಟಾಗ ನಾವು ಕೇಳುತ್ತಿರುವುದು ಕೆಲಸದ ಬಗ್ಗೆಯೋ, ನಮ್ಮ ಬಗ್ಗೆಯೋ ಅನ್ನೋದು ವಿಷಯ.

ಒಂದು ಉದಾಹರಣೆ ನೋಡೋಣ. ವರದಿಯೊಂದನ್ನು ಮುಗಿಸಿ ಮೇಲಿನವರಿಗೆ ಕಳಿಸುತ್ತಿದ್ದೀರಿ ಅಂದುಕೊಳ್ಳಿ. ಮೇಲ್‌ನಲ್ಲಿ ಹೀಗೆ ಬರೆಯುತ್ತೀರಿ: ‘ಸರ್, ಸ್ವಲ್ಪ ಅವಸರದಲ್ಲಿ ಮಾಡಿದ್ದೇನೆ, ಅಷ್ಟೇನೂ ಚೆನ್ನಾಗಿ ಬಂದಿಲ್ಲ ಅನ್ಸುತ್ತೆ, ಬಿಡುವಾದಾಗ ನೋಡಿ ಹೇಗಿದೆ ಹೇಳಿ.’ ಅದೇ ವರದಿಯ ಜೊತೆ ಇನ್ನೊಬ್ಬರು ಬರೆಯುವುದು ಹೀಗೆ: ‘ಸರ್, ವರದಿ ಕಳಿಸಿದ್ದೇನೆ. ಮೂರನೇ ಪುಟದ ಖರ್ಚು ಹಳೆಯ ದರದಲ್ಲಿದೆ. ಹೊಸ ದರ ಹಾಕಿದರೆ ಕೊನೆಯ ತೀರ್ಮಾನ ಬದಲಾಗಬಹುದಾ ಅನ್ನೋದೊಂದು ಅನುಮಾನ. ಅದನ್ನೊಂದು ನೋಡಿ.’

ಇಬ್ಬರೂ ಮಾತಾಡಿದ್ದಾರೆ, ಇಬ್ಬರೂ ಅಭಿಪ್ರಾಯ ಕೇಳಿದ್ದಾರೆ. ಆದರೆ ಮೊದಲನೆಯ ಮೇಲ್‌ಗೆ ಬರಬಹುದಾದ ಉತ್ತರ ಎರಡೇ. ಒಂದು, ‘ಪರವಾಗಿಲ್ಲ, ಚೆನ್ನಾಗಿದೆ.’ ಇನ್ನೊಂದು, ಮೌನ. ಯಾವುದು ಬಂದರೂ ವರದಿ ಒಂದಕ್ಷರವೂ ಸುಧಾರಿಸುವುದಿಲ್ಲ. ಉತ್ತರ ಬರೋವರೆಗೆ ಕಳಿಸಿದವರ ಮನಸ್ಸು ಬೇರೆ ಕೆಲಸದಲ್ಲಿ ನಿಲ್ಲೋದೂ ಇಲ್ಲ. ನೋಡಿದ್ರಾ, ನೋಡಿ ಸುಮ್ಮನಾದ್ರಾ, ಇಷ್ಟ ಆಗಲಿಲ್ವಾ ಅಂತ ಹತ್ತು ನಿಮಿಷಕ್ಕೊಮ್ಮೆ ಫೋನ್ ತೆಗೆದು ನೋಡ್ತಾ ಇರುತ್ತಾರೆ. ಎರಡನೆಯ ಮೇಲ್‌ಗೆ ಬರುವ ಉತ್ತರ ದರದ ಬಗ್ಗೆ. ಹೌದು ಬದಲಾಗುತ್ತೆ, ಅಥವಾ ಇಲ್ಲ. ಕಳಿಸಿದವರ ಮೇಲೆ ತೀರ್ಪು ಕೊಡೋಕೆ ಅಲ್ಲಿ ಜಾಗವೇ ಇಲ್ಲ.

ಈ ಆಸೆ ಎಲ್ಲಿಂದ ಬರುತ್ತದೆ

ಮೆಚ್ಚುಗೆ ಬೇಕು ಅನ್ನಿಸುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನುಷ್ಯ ಗುಂಪಿನಲ್ಲಿ ಬದುಕಿ ಬಂದ ಪ್ರಾಣಿ. ಗುಂಪು ಹೊರಗೆ ಹಾಕಿದರೆ ಬದುಕುವುದೇ ಕಷ್ಟವಿದ್ದ ಕಾಲವನ್ನು ದಾಟಿ ಬಂದವನು. 1990ರ ದಶಕದಲ್ಲಿ ಮಾರ್ಕ್ ಲಿಯರಿ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ವಾದ ಮುಂದಿಟ್ಟರು. ನಾವು ಆತ್ಮಗೌರವ ಅಂದುಕೊಂಡಿರುವುದು ಬಹುಮಟ್ಟಿಗೆ ಒಂದು ಮೀಟರ್ ಇದ್ದ ಹಾಗೆ, ಸುತ್ತಲಿನವರು ನಮ್ಮನ್ನು ಒಪ್ಪಿಕೊಂಡಿದ್ದಾರೋ ಇಲ್ಲವೋ ಅನ್ನೋದನ್ನು ಅದು ಸದಾ ಅಳೆಯುತ್ತಾ ಇರುತ್ತದೆ ಅಂತ. ಅದಕ್ಕೇ ‘ಯಾರು ಏನಂದರೂ ನನಗೆ ಲೆಕ್ಕಕ್ಕಿಲ್ಲ’ ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಾಗೆ ಹೇಳುವಾಗಲೂ ಅವರು ಒಮ್ಮೆ ನಮ್ಮ ಮುಖ ನೋಡಿರುತ್ತಾರೆ.

ಈ ಒತ್ತಡ ಎಷ್ಟು ಗಟ್ಟಿ ಅನ್ನೋದಕ್ಕೆ ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅಷ್ಟೇ ಉದ್ದ ಇದೆ ಹೇಳಿ ಅನ್ನುವುದು, ಅಷ್ಟೇ. ಮಗುವೂ ಹೇಳಬಹುದು. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಮೊದಲೇ ಹೇಳಿಕೊಟ್ಟಂತೆ ಅವರೆಲ್ಲ ಒಂದೇ ದನಿಯಲ್ಲಿ ತಪ್ಪು ಉತ್ತರ ಹೇಳುತ್ತಿದ್ದರು. ಏನೂ ಗೊತ್ತಿಲ್ಲದ ಆ ಒಬ್ಬರು ಏನು ಮಾಡಿದರು? ಸುಮಾರು ನಾಲ್ಕರಲ್ಲಿ ಮೂರು ಜನ ಕನಿಷ್ಠ ಒಂದು ಸಲವಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದರು. ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ಬರೆದ ಕತೆ ಚೆನ್ನಾಗಿದೆಯಾ, ಮಾಡಿದ ವಿನ್ಯಾಸ ಸರಿ ಇದೆಯಾ ಅನ್ನುವಂಥ ಮಸುಕು ವಿಷಯದಲ್ಲಿ ನಮ್ಮ ಗತಿ ಏನು!

ಆ ಪ್ರಯೋಗದ ಇನ್ನೆರಡು ಸಂಗತಿಗಳನ್ನು ಜನ ಸಾಮಾನ್ಯವಾಗಿ ಹೇಳುವುದೇ ಇಲ್ಲ, ನನಗೆ ಮುಖ್ಯ ಅನ್ನಿಸುವುದು ಅವೇ. ಗುಂಪಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬರು, ಒಬ್ಬರೇ ಒಬ್ಬರು ಇದ್ದರೂ ಸಾಕು, ಮಣಿಯುವುದು ತುಂಬಾ ಕಡಿಮೆಯಾಗುತ್ತಿತ್ತು. ಉತ್ತರವನ್ನು ಜೋರಾಗಿ ಹೇಳುವ ಬದಲು ತಮ್ಮ ಪಾಡಿಗೆ ಕಾಗದದ ಮೇಲೆ ಬರೆದುಕೊಳ್ಳಲು ಬಿಟ್ಟಾಗಲೂ ಹಾಗೆಯೇ. ಇವೆರಡೂ ಮುಂದೆ ಕೆಲಸಕ್ಕೆ ಬರುತ್ತವೆ.

ಅಂದಹಾಗೆ, ಜನ ನಮ್ಮನ್ನು ನಾವಂದುಕೊಂಡಷ್ಟು ನೋಡುವುದೂ ಇಲ್ಲ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಯೊಳಗೆ ಕಳಿಸಿದರು. ಅಲ್ಲಿದ್ದವರಲ್ಲಿ ಹತ್ತಿರಹತ್ತಿರ ಅರ್ಧ ಜನ ಆ ಚಿತ್ರ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ನಾಲ್ಕರಲ್ಲಿ ಒಬ್ಬರಷ್ಟೇ.

ಹೊಗಳಿಕೆ ಕೆಲಸಕ್ಕೆ ಏನು ಮಾಡುತ್ತದೆ

ಇರಲಿ ಬಿಡಿ, ಹೊಗಳಿಕೆ ಬೇಕು ಅನ್ನಿಸಿದರೆ ಏನು ನಷ್ಟ, ಅದರಿಂದ ಹುರುಪು ಬರುತ್ತದಲ್ಲ ಅಂತ ಕೇಳಬಹುದು. ಬರುತ್ತದೆ. ಆದರೆ ಯಾವಾಗಲೂ ಅಲ್ಲ.

1996ರಲ್ಲಿ ಅವ್ರಹಾಂ ಕ್ಲುಗರ್ ಮತ್ತು ಏಂಜೆಲೊ ಡಿನೀಸಿ ಎಂಬ ಇಬ್ಬರು ಸಂಶೋಧಕರು, ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದರೆ ಕೆಲಸ ಸುಧಾರಿಸುತ್ತದೆಯೇ ಎಂದು ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸರಾಸರಿ ನೋಡಿದರೆ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಅಭಿಪ್ರಾಯ ಕೇಳಿದ ಮೇಲೆ ಕೆಲಸ ಇನ್ನಷ್ಟು ಹದಗೆಟ್ಟಿತ್ತು! ಅವರು ಕೊಟ್ಟ ವಿವರಣೆ ಹೀಗಿದೆ: ಹೇಳಿದ ಮಾತು ಕೇಳುವವರ ಗಮನವನ್ನು ಕೆಲಸದ ಕಡೆ ತಿರುಗಿಸಿದರೆ ಲಾಭ. ಅದೇ ಮಾತು ಗಮನವನ್ನು ‘ನಾನು’ ಎಂಬುದರ ಕಡೆ, ಅಂದರೆ ನಾನು ಜಾಣನೋ ದಡ್ಡನೋ, ನನ್ನ ಬಗ್ಗೆ ಏನಂದುಕೊಂಡರು ಅನ್ನೋ ಕಡೆ ತಿರುಗಿಸಿದರೆ ಲಾಭ ಕರಗುತ್ತದೆ. ಬೈಗುಳ ಮಾತ್ರವಲ್ಲ, ಹೊಗಳಿಕೆಗೂ ಇದೇ ಮಾತು. ‘ನೀನು ಬುದ್ಧಿವಂತ’ ಅನ್ನಿಸಿಕೊಂಡವರು ಮುಂದಿನ ಸಲ ಆ ಬಿರುದು ಉಳಿಸಿಕೊಳ್ಳುವುದಕ್ಕೇ ಅರ್ಧ ಶಕ್ತಿ ಹಾಕುತ್ತಾರೆ, ಕಷ್ಟದ್ದನ್ನು ಬಿಟ್ಟು ಸುಲಭದ್ದಕ್ಕೆ ಕೈ ಹಾಕುತ್ತಾರೆ.

ಇನ್ನೊಂದು ಹಳೆಯ ಪ್ರಯೋಗ ನನಗೆ ಯಾವಾಗಲೂ ಸ್ವಲ್ಪ ಬೇಸರ ತರಿಸುತ್ತದೆ, ಏಕೆಂದರೆ ಅದರಲ್ಲಿ ಇರೋರು ಮೂರರಿಂದ ಐದು ವರ್ಷದ ಮಕ್ಕಳು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಜೊತೆಗಾರರು, ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಪತ್ರ ಕೊಡುತ್ತೇವೆ’ ಅಂದರು. ಬಂಗಾರದ ಬಣ್ಣದ ಮುದ್ರೆ, ರಿಬ್ಬನ್ ಇದ್ದ ಪತ್ರ. ಇನ್ನೊಂದು ಗುಂಪಿಗೆ ಮೊದಲು ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಮಕ್ಕಳು ತಮ್ಮ ಪಾಡಿಗೆ ಆಡುವಾಗ ದೂರದಿಂದ ನೋಡಿದರೆ, ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಹೋಗುತ್ತಿದ್ದರು. ಹೇಳದೆ ಕೊಟ್ಟ ಬಹುಮಾನ ಏನೂ ಹಾಳು ಮಾಡಲಿಲ್ಲ. ಹಾಳು ಮಾಡಿದ್ದು ಬಹುಮಾನಕ್ಕಾಗಿಯೇ ಚಿತ್ರ ಬಿಡಿಸಿದ್ದು. ಮೆಚ್ಚುಗೆ ತಾನಾಗಿ ಬಂದರೆ ಖುಷಿಯಿಂದ ತೆಗೆದುಕೊಳ್ಳಿ, ತೊಂದರೆ ಇಲ್ಲ. ಅದೇ ಗುರಿಯಾದ ದಿನ ಕೆಲಸ ಬರೀ ದಾರಿಯಾಗುತ್ತದೆ.

ಲೈಕ್‌ಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತ್ರ ಹೇಳಿಬಿಡುತ್ತೇನೆ. 2006ರಲ್ಲಿ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಸಂಶೋಧಕರು 14 ಸಾವಿರಕ್ಕೂ ಹೆಚ್ಚು ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಕೆಲವರು ಯಾರ ಅಭಿಪ್ರಾಯವೂ ಗೊತ್ತಿಲ್ಲದೆ ಆರಿಸಿದರು. ಉಳಿದವರನ್ನು ಎಂಟು ಬೇರೆಬೇರೆ ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅನ್ನೋದನ್ನು ತೋರಿಸಿದರು. ಹಾಡುಗಳು ಅವೇ. ಆದರೂ ಒಂದು ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂತು, ಇನ್ನೊಂದರಲ್ಲಿ ಅದೇ ಹಾಡು 40ನೆಯದು! ತೀರಾ ಒಳ್ಳೆಯವು ಪೂರ್ತಿ ನೆಲ ಕಚ್ಚುವುದು ಅಪರೂಪ, ತೀರಾ ಕಳಪೆ ಹಾಡು ಮೇಲೇರುವುದೂ ಅಪರೂಪ. ನಡುವಿನವು ಎಲ್ಲಿ ಬೇಕಾದರೂ ಹೋಗಬಹುದು, ಮೊದಲು ಬಂದ ನಾಲ್ಕು ಜನ ಏನು ಒತ್ತಿದರು ಅನ್ನುವುದರ ಮೇಲೆ. ನಮ್ಮಲ್ಲಿ ಬಹುಪಾಲು ಜನರ ಬಹುಪಾಲು ಕೆಲಸ ಈ ನಡುವಿನದೇ ಅಲ್ವಾ? ಅಂಥ ಸಂಖ್ಯೆ ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ಯಾಕೆ?

ಸರಿ, ಕೆಲಸ ಮಾತಾಡುತ್ತದಾ?

ಎಲ್ಲಾ ಕಡೆ ಒಂದೇ ಥರ ಮಾತಾಡುವುದಿಲ್ಲ. ಕೆಲಸ ತಾನೇ ಮಾತಾಡಬೇಕಾದರೆ ಅದನ್ನು ಅಳೆಯುವ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕು.

ರಷ್ಯಾದ ಗಣಿತಜ್ಞ ಗ್ರಿಗೋರಿ ಪೆರೆಲ್ಮನ್ ಕತೆಯನ್ನು ಈ ವಿಷಯದಲ್ಲಿ ಎಲ್ಲರೂ ಹೇಳುತ್ತಾರೆ. 2002 ಮತ್ತು 2003ರಲ್ಲಿ ಅವರು ಮೂರು ಲೇಖನಗಳನ್ನು ಇಂಟರ್ನೆಟ್‌ನಲ್ಲಿ, ಯಾರು ಬೇಕಾದರೂ ಓದಬಹುದಾದ ಆರ್ಕೈವ್ ಎಂಬ ಸಂಗ್ರಹದಲ್ಲಿ ಹಾಕಿದರು. ಸುಮಾರು ನೂರು ವರ್ಷದಿಂದ ಬಿಡಿಸಲಾಗದೆ ಉಳಿದಿದ್ದ ಪೊಯಿಂಕಾರೆ ಊಹೆ ಎಂಬ ಗಣಿತದ ಸಮಸ್ಯೆಗೆ ಅದರಲ್ಲಿ ಸಾಧನೆ, ಅಂದರೆ ಅದು ನಿಜವೆಂದು ತೋರಿಸುವ ಗಣಿತದ ಪುರಾವೆ, ಇತ್ತು. ಯಾವ ಪತ್ರಿಕೆಗೂ ಕಳಿಸಲಿಲ್ಲ. ಬೇರೆ ಗಣಿತಜ್ಞರು ಸಾಲುಸಾಲಾಗಿ ಪರೀಕ್ಷೆ ಮಾಡಲು ವರ್ಷಗಳೇ ಹಿಡಿದವು. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಕೊಟ್ಟರೆ ಬೇಡ ಅಂದರು, 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವನ್ನೂ ಬೇಡ ಅಂದರು. ಇದನ್ನು ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಲೇಖನ ಹಾಕಿದ ಮೇಲೆ ಪೆರೆಲ್ಮನ್ ಕೆಲವು ಗಣಿತಜ್ಞರಿಗೆ ಇಮೇಲ್ ಬರೆದು ತಿಳಿಸಿದ್ದರು. 2003ರಲ್ಲಿ ಅಮೆರಿಕಕ್ಕೆ ಹೋಗಿ ಉಪನ್ಯಾಸಗಳನ್ನೂ ಕೊಟ್ಟರು. ಅಂದರೆ ಅವರು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಸಾಧನೆ ಇಲ್ಲಿದೆ, ನೋಡಿ ಅಂತ ತೋರಿಸಿದರು. ಅಷ್ಟು ಮಾಡಿ ಸುಮ್ಮನಾದರು. ಗಣಿತದಲ್ಲಿ ಇಷ್ಟು ಸಾಕು, ಏಕೆಂದರೆ ಸಾಧನೆ ಸರಿ ಇದೆಯೋ ಇಲ್ಲವೋ ಅನ್ನೋದಕ್ಕೆ ಬರೆದವರ ಮುಖ ನೋಡಬೇಕಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರ ಕತೆ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ವಿಭಾಗಗಳು ಎರಡಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿ ಜ್ವರಕ್ಕೆ ಸಾಯುವವರು ಕಡಿಮೆ, ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಜಾಸ್ತಿ. ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆ ಮಾಡಿಸಲು ಬರುತ್ತಿದ್ದಾರೆ ಅನ್ನೋದನ್ನು ಸೆಮ್ಮೆಲ್‌ವೈಸ್ ಕಂಡುಕೊಂಡರು. 1847ರ ಮೇ ತಿಂಗಳಿಂದ ಕ್ಲೋರಿನ್ ಬೆರೆಸಿದ ಸುಣ್ಣದ ನೀರಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇಕಡಾ 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇಕಡಾ 2ರ ಆಸುಪಾಸಿಗೆ ಇಳಿಯಿತು. ಇದಕ್ಕಿಂತ ಚೆನ್ನಾಗಿ ಯಾವ ಕೆಲಸ ತಾನೇ ಮಾತಾಡೀತು?

ಆದರೂ ಜನ ಒಪ್ಪಲಿಲ್ಲ. ಕಾರಣ ಹಲವು. ರೋಗಾಣುಗಳ ವಿಚಾರ ಆಗಿನ್ನೂ ಬಂದಿರಲಿಲ್ಲ, ಹಾಗಾಗಿ ಕೈ ತೊಳೆದರೆ ಯಾಕೆ ಸಾವು ತಪ್ಪುತ್ತದೆ ಅನ್ನೋದಕ್ಕೆ ಉತ್ತರ ಇರಲಿಲ್ಲ. ‘ನಿಮ್ಮ ಕೈಯೇ ಕೊಂದಿತು’ ಅಂದರೆ ಯಾವ ವೈದ್ಯನಿಗೆ ತಾನೇ ಸಹ್ಯವಾದೀತು? ಇದರ ಜೊತೆಗೆ ಇನ್ನೊಂದಿದೆ. ಸೆಮ್ಮೆಲ್‌ವೈಸ್ ಬಹಳ ವರ್ಷ ಬರೆಯಲಿಲ್ಲ. ಮೊದಮೊದಲು ಸ್ನೇಹಿತರೇ ಅವರ ಪರವಾಗಿ ಬರೆದರು. ಅವರದೇ ಪುಸ್ತಕ ಬಂದದ್ದು 1861ರಲ್ಲಿ, ಹದಿನಾಲ್ಕು ವರ್ಷ ಕಳೆದ ಮೇಲೆ. ಆಮೇಲೆ ಒಪ್ಪದವರನ್ನು ಕೊಲೆಗಾರರು ಎಂದು ಕರೆದು ಬಹಿರಂಗ ಪತ್ರಗಳನ್ನು ಬರೆದರು. 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಮೊದಲು ಅತಿಯಾದ ಮೌನ, ಕೊನೆಗೆ ಅತಿಯಾದ ಸಿಟ್ಟು. ಎರಡರ ನಡುವೆ ಇರಬೇಕಾಗಿದ್ದ ನೇರವಾದ, ಬೇರೆಯವರೂ ಮಾಡಿ ನೋಡಬಹುದಾದ ವಿವರಣೆ ತಡವಾಯಿತು.

ಎರಡು ವರ್ಷ ಕಳೆದು 1867ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಇದಕ್ಕೆ ಹತ್ತಿರದ ವಿಷಯವನ್ನೇ ಹೇಳಿದರು: ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಚ್ಚಿದರೆ ಕೀವು, ಕೊಳೆತ ತಪ್ಪುತ್ತದೆ ಅಂತ. ಅವರಿಗೂ ವಿರೋಧ ಬಂತು. ಆದರೆ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಬ್ಬೊಬ್ಬ ರೋಗಿಗೂ ಏನಾಗಿತ್ತು, ಏನು ಮಾಡಿದೆ, ಕೊನೆಗೆ ಏನಾಯಿತು ಅಂತ ಬಿಡಿಸಿ ಬರೆದಿದ್ದರು. ಪಾಶ್ಚರ್ ಆ ಹೊತ್ತಿಗೆ ತೋರಿಸಿದ್ದ ರೋಗಾಣುಗಳ ವಿಚಾರವೂ ಅವರ ಬೆನ್ನಿಗಿತ್ತು, ಅದನ್ನು ಮರೆಯಬಾರದು. ನಂಬದವರು ತಮ್ಮ ಆಸ್ಪತ್ರೆಯಲ್ಲೇ ಮಾಡಿ ನೋಡಬಹುದಿತ್ತು. ನನ್ನನ್ನು ಒಪ್ಪಿಕೊಳ್ಳಿ ಎಂದು ಹೇಳುವುದಕ್ಕೂ, ನೀವೇ ಮಾಡಿ ನೋಡಿ ಎಂದು ಹೇಳುವುದಕ್ಕೂ ಇಷ್ಟು ಅಂತರ.

ದಿನನಿತ್ಯದಲ್ಲಿ ಏನು ಮಾಡಬಹುದು

ಆಶ್ ಪ್ರಯೋಗದ ಆ ಎರಡು ಸಂಗತಿಗಳಿಗೆ ಬರೋಣ. ಮೊದಲನೆಯದು, ಕೆಲಸವನ್ನು ಯಾರಿಗೂ ತೋರಿಸುವ ಮೊದಲು ನಿಮ್ಮ ತೀರ್ಪನ್ನು ಬರೆದಿಡಿ. ಮನಸ್ಸಲ್ಲಿ ಅಲ್ಲ, ಕಾಗದದ ಮೇಲೆ. ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಸಡಿಲ, ಎಲ್ಲಿ ಅನುಮಾನ, ನಾಲ್ಕು ಸಾಲು ಸಾಕು. ಸುಮ್ನೆ ಕಾಣುವ ಕೆಲಸ, ಆದರೆ ಇದರ ಪರಿಣಾಮ ದೊಡ್ಡದು. ಆಮೇಲೆ ಯಾರೋ ‘ಅದ್ಭುತ’ ಅಂದಾಗ, ನಾಲ್ಕನೇ ಭಾಗ ಸಡಿಲ ಇದೆ ಅನ್ನೋದು ನಿಮ್ಮ ಕೈಬರಹದಲ್ಲೇ ಎದುರಿಗಿರುತ್ತದೆ. ಯಾರೋ ಮೂಗು ಮುರಿದಾಗಲೂ, ಗಟ್ಟಿ ಅಂತ ಬರೆದ ಭಾಗದ ಬಗ್ಗೆ ಅವರು ಏನಾದರೂ ಹೇಳಿದರಾ, ಅಥವಾ ಸುಮ್ನೆ ಮುಖ ಸಿಂಡರಿಸಿದರಾ ಅಂತ ಹೋಲಿಸಿ ನೋಡಬಹುದು.

ಎರಡನೆಯದು, ಜೊತೆಗೆ ಒಬ್ಬರಿದ್ದರೆ ಸಾಕು. ತನ್ನ ಬೆನ್ನು ತನಗೆ ಕಾಣದು, ಹಾಗಾಗಿ ಬೇರೆಯವರ ಕಣ್ಣು ಬೇಕೇ ಬೇಕು. ಅದಕ್ಕೆ ಐವತ್ತು ಜನ ಬೇಡ. ಕೆಲಸ ಗೊತ್ತಿರುವ, ನಿಮ್ಮನ್ನು ಖುಷಿಪಡಿಸುವ ಹರಕೆ ಹೊತ್ತಿರದ ಒಬ್ಬರೋ ಇಬ್ಬರೋ ಸಾಕು. ಅವರ ಹತ್ತಿರ ‘ಹೇಗಿದೆ?’ ಅಂತ ಕೇಳಬೇಡಿ. ಎಲ್ಲಿ ಓದು ನಿಂತಿತು, ಎಲ್ಲಿ ಅರ್ಥ ಆಗಲಿಲ್ಲ, ಯಾವ ಲೆಕ್ಕ ನಂಬೋಕಾಗಲಿಲ್ಲ ಅಂತ ಕೇಳಿ. ಮೇಲಿನ ಎರಡನೆಯ ಮೇಲ್ ಮಾಡಿದ್ದೂ ಅದನ್ನೇ. ಕೆಲಸ ಕೊಡುವಾಗ ಕ್ಷಮೆ ಕೇಳುವ ಅಭ್ಯಾಸವನ್ನೂ ಬಿಡಬಹುದು. ‘ಅಷ್ಟು ಚೆನ್ನಾಗಿ ಬಂದಿಲ್ಲ’ ಅನ್ನೋದು ವಿನಯ ಅಂತ ನಾವು ಅಂದುಕೊಳ್ಳುತ್ತೇವೆ. ಎದುರಿನವರಿಗೆ ಅದು ‘ಹಾಗೇನಿಲ್ಲ, ಚೆನ್ನಾಗಿದೆ ಅನ್ನಿ’ ಅಂತ ಕೇಳಿಸುತ್ತದೆ. ಪಾಪ, ಅವರೂ ಅನ್ನುತ್ತಾರೆ.

ಇಷ್ಟೆಲ್ಲ ಮಾಡಿದರೂ ಮುಖ ನೋಡಿ ಮಣೆ ಹಾಕುವ ಜಾಗಗಳು ಇದ್ದೇ ಇವೆ. ಕೆಲಸ ಒಳ್ಳೆಯದಾದರೆ ಇಂದಲ್ಲ ನಾಳೆ ಗುರುತಿಸುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಕ್ಯಾಟಲಿನ್ ಕರಿಕೊ ಎಂಬ ವಿಜ್ಞಾನಿಯನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1995ರಲ್ಲಿ ಕೆಳಗಿನ ಹುದ್ದೆಗೆ ಇಳಿಸಿತು. ಎಂಆರ್‌ಎನ್‌ಎ, ಅಂದರೆ ಯಾವ ಪ್ರೋಟೀನ್ ತಯಾರಿಸಬೇಕು ಅಂತ ಜೀವಕೋಶಕ್ಕೆ ಸೂಚನೆ ಒಯ್ಯುವ ಅಣುವಿನ ಮೇಲಿನ ಅವರ ಸಂಶೋಧನೆಗೆ ಹಣ ಸಿಗುತ್ತಿರಲಿಲ್ಲ. ಡ್ರೂ ವೈಸ್‌ಮನ್ ಎಂಬ ಒಬ್ಬ ಜೊತೆಗಾರ ಸಿಕ್ಕರು, 2005ರಲ್ಲಿ ಇಬ್ಬರೂ ಸೇರಿ ಮುಖ್ಯವಾದ ಲೇಖನ ಪ್ರಕಟಿಸಿದರು. ಆಗ ಅದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆ ಸಂಶೋಧನೆಯನ್ನು ಆಧರಿಸಿದ ಕೋವಿಡ್ ಲಸಿಕೆಗಳು ಬಂದ ಮೇಲೆ, 2023ರಲ್ಲಿ, ಇಬ್ಬರಿಗೂ ನೊಬೆಲ್ ಬಂತು. ಇದನ್ನು ಓದಿ ‘ತಾಳ್ಮೆ ಇದ್ದರೆ ಎಲ್ಲಾ ಸರಿಹೋಗುತ್ತದೆ’ ಅನ್ನುವುದು ಸುಲಭ. ಸಾಂಕ್ರಾಮಿಕ ಬರದಿದ್ದರೆ? ಅವರ ಲೇಖನದಲ್ಲಿದ್ದ ಒಂದಕ್ಷರವೂ ಆಗ ಸುಳ್ಳಾಗುತ್ತಿರಲಿಲ್ಲ, ಹೆಸರು ಮಾತ್ರ ನಮಗೆ ಗೊತ್ತಿರುತ್ತಿರಲಿಲ್ಲ. ಇನ್ನೊಂದು, ಕರಿಕೊ 2013ರಲ್ಲಿ ಆ ವಿಶ್ವವಿದ್ಯಾಲಯವನ್ನು ಬಿಟ್ಟು ಬಯೋಎನ್‌ಟೆಕ್ ಕಂಪನಿಗೆ ಹೋದರು. ಕೆಲಸವನ್ನು ಓದಲು ಬಾರದ ಜಾಗದಿಂದ ಓದಬಲ್ಲವರಿರುವ ಜಾಗಕ್ಕೆ ಹೋಗುವುದೂ ಒಂದು ದಾರಿ.

ಕೊನೆಯದಾಗಿ, ಎಷ್ಟು ಚೆನ್ನಾಗಿ ಮಾಡಿದರೂ ಬಾಯೇ ಇಲ್ಲದ ಕೆಲಸಗಳಿವೆ. ಏನೂ ಕೆಡದಂತೆ ನೋಡಿಕೊಳ್ಳುವ ಕೆಲಸಗಳು. 1999ರ ಕೊನೆಯಲ್ಲಿ ಕಂಪ್ಯೂಟರುಗಳ ‘ವೈ2ಕೆ’ ಗಾಬರಿ ನೆನಪಿದೆಯಾ? ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯ ಕೊನೆಯ ಎರಡೇ ಅಂಕಿ ಬರೆಯುತ್ತಿದ್ದರು. 2000 ಬಂದಾಗ ಅದನ್ನು 1900 ಎಂದು ಓದಿ ಎಲ್ಲಾ ಲೆಕ್ಕ ತಪ್ಪೀತು ಅನ್ನುವ ಭಯ. ಲೋಕದ ತುಂಬ ಪ್ರೋಗ್ರಾಮರುಗಳು ವರ್ಷಗಟ್ಟಲೆ ಕೂತು ಸಾಲುಸಾಲು ಹುಡುಕಿ ತಿದ್ದಿದರು. ಜನವರಿ 1ರಂದು ದೊಡ್ಡ ಅನಾಹುತ ಏನೂ ಆಗಲಿಲ್ಲ. ಜನ ಏನಂದರು? ಎಲ್ಲಾ ಸುಳ್ಳು ಗಾಬರಿ, ಸುಮ್ನೆ ದುಡ್ಡು ದಂಡ ಅಂದರು.

ಇಂಥ ಕೆಲಸ ಮಾಡುವವರಿಗೆ ‘ಕೆಲಸ ಮಾತಾಡಲಿ’ ಅನ್ನೋದು ಅನ್ಯಾಯದ ಸಲಹೆ. ಅವರು ಬರೆದಿಡಬೇಕು. ಲಿಸ್ಟರ್ ಥರ: ಯಾವ ದಿನ ಏನು ಕೆಡುವುದರಲ್ಲಿತ್ತು, ಏನು ಮಾಡಿದೆ, ಮಾಡದಿದ್ದರೆ ಏನಾಗುತ್ತಿತ್ತು, ಈಗ ಹೇಗಿದೆ. ಪ್ರತಿ ತಿಂಗಳು ಅರ್ಧ ಪುಟ, ಹೊಗಳಿಕೆಯ ಒಂದು ಪದವೂ ಇಲ್ಲದೆ, ದಿನಾಂಕ ಹಾಕಿ, ಸಂಬಂಧಪಟ್ಟವರಿಗೆ ಕಳಿಸಿಬಿಡಿ. ಉತ್ತರ ಬರದಿದ್ದರೂ ಮುಂದಿನ ತಿಂಗಳದ್ದನ್ನು ಕಳಿಸಿ. ನಿಮ್ಮ ಜಾಗಕ್ಕೆ ಆಮೇಲೆ ಬರುವವರು ಮೊದಲು ಹುಡುಕುವುದು ಆ ಕಡತವನ್ನೇ.